ನನ್ನ ರೂಮಿನಲ್ಲಿ ಸುಮ್ನೆ ಕೂತಿದ್ದ ಹುಡುಗ

ನಾನು ಮಕ್ಕಳ ಮನಶ್ಶಾಸ್ತ್ರಜ್ಞೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಮಾಡಿದ ತಪ್ಪು ಇದು.

ಎರಡನೇ ಕ್ಲಾಸಿನ ಹುಡುಗ. 'ಕೂತಲ್ಲಿ ಕೂರಲ್ಲ ಮೇಡಂ' ಅಂತ ಅಮ್ಮ ಕರೆದುಕೊಂಡು ಬಂದಿದ್ದರು. ನನ್ನೆದುರು ಮುಕ್ಕಾಲು ಗಂಟೆ ಕೂತ! ಬ್ಲಾಕ್ ಜೋಡಿಸಿದ. ಹಾಳೆ ತುಂಬ ಇದ್ದ ಅಕ್ಷರಗಳಲ್ಲಿ ನಾನು ಹೇಳಿದ್ದನ್ನೇ ಹುಡುಕಿ ಗೀಟು ಎಳೆದ. 'ಗಮನ ವಯಸ್ಸಿಗೆ ತಕ್ಕಂತಿದೆ' ಅಂತ ಬರೆದು ಕಳಿಸಿದೆ. ಅಮ್ಮನಿಗೆ ಅದು ಒಪ್ಪಿಗೆಯಾಗಿರಲಿಲ್ಲ. ನಾನು ಕೇಳಲೂ ಇಲ್ಲ.

ಮೂರು ತಿಂಗಳಿಗೆ ಮತ್ತೆ ಬಂದರು. ನಮ್ಮ ಸೀನಿಯರ್ ರಿಪೋರ್ಟ್ ನೋಡಿ ಕೇಳಿದ್ದು ಒಂದೇ: 'ಕ್ಲಾಸಿನಲ್ಲಿ ನೋಡಿದ್ಯಾ?'

ಹೊಸ ಜಾಗ, ಹೊಸ ಆಟ, ಎದುರಿಗೆ ಒಬ್ಬರೇ ದೊಡ್ಡವರು. ಇಂಥ ಕಡೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ) ಇರುವ ಮಗುವೂ ಕೂರಬಹುದು. ಮಾನಸಿಕ ತೊಂದರೆಗಳನ್ನು ಗುರುತಿಸಲು ನಾವು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲೇ ಇದು ಇದೆ. ಗಮನದ ಕೊರತೆಗೆ 9 ಲಕ್ಷಣ, ಚಡಪಡಿಕೆ-ದುಡುಕಿಗೆ 9. ಒಂದು ಗುಂಪಿನಲ್ಲಾದರೂ 6 ಇರಬೇಕು, 6 ತಿಂಗಳಿಂದ ಇರಬೇಕು, ಮನೆ-ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಪರೀಕ್ಷೆಗೆ ಇದನ್ನೆಲ್ಲ ಬಾಯಿಪಾಠ ಮಾಡಿದ್ದವಳೇ ನಾನು.

ಮನೆಯವರ, ಟೀಚರ್ ಕೈಲಿ ಈ ಲಕ್ಷಣಗಳ ಫಾರ್ಮ್ ತುಂಬಿಸಿದರೆ ಸಾಲದಾ ಅಂತೀರಾ? 'ಆಗಾಗ' ಅನ್ನೋ ಖಾನೆ ಅಮ್ಮನಿಗೆ ಒಂದು, 40 ಮಕ್ಕಳನ್ನು ಸಂಭಾಳಿಸುವ ಟೀಚರ್‌ಗೆ ಇನ್ನೊಂದು. ಅಜ್ಜಿಯಂತೂ 'ಇವರಪ್ಪನೂ ಹೀಗೇ ಇದ್ದ' ಅಂತ ಕೈಯಾಡಿಸಿಬಿಟ್ಟರು. ಅದಕ್ಕೇ ಈಗ 'ನಿನ್ನೆ ಊಟಕ್ಕೆ ಕೂತಾಗ ಏನಾಯ್ತು?' ಅಂತ ಕೇಳುತ್ತೇನೆ.

ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಮೊದಲ ಹತ್ತು ನಿಮಿಷ ಮಕ್ಕಳೆಲ್ಲ ನನ್ನನ್ನೇ ನೋಡಿದರು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆಮೇಲೆ 15 ಸೆಕೆಂಡಿಗೊಮ್ಮೆ ತಲೆ ಎತ್ತಿ ನೋಡುವುದು, ಮಗು ಕೆಲಸದಲ್ಲಿದೆಯಾ ಇಲ್ಲವಾ ಅಂತ ಗುರುತು ಹಾಕುವುದು. ಒಮ್ಮೆ ಅವನನ್ನು, ಮುಂದಿನ ಸಲ ಪಕ್ಕದ ಮಗುವನ್ನು. ಬೆಲ್ ಹೊಡೆಯುವ ಹೊತ್ತಿಗೆ ಇಡೀ ಕ್ಲಾಸೇ ಚಡಪಡಿಸುತ್ತದೆ, ಹೋಲಿಕೆಗೆ ಇನ್ನೊಬ್ಬರು ಬೇಕೇ ಬೇಕು. ಸಾಮಾನ್ಯವಾಗಿ ಹುಡುಗನ ಜೊತೆ ಹುಡುಗನನ್ನೇ ಹೋಲಿಸುತ್ತೇವೆ. ಅವತ್ತು ನನಗೆ ಸರಿಯಾಗಿ ಕಾಣುತ್ತಿದ್ದದ್ದು ಪಕ್ಕದ ಹುಡುಗಿ ಮಾತ್ರ.

20 ನಿಮಿಷ, ಇಬ್ಬರಿಗೂ ತಲಾ 40 ಗುರುತು. ಅವನು ಪೆನ್ಸಿಲ್ ಚೂಪು ಮಾಡಲು ಆರು ಸಲ ಎದ್ದ, 17 ಸಲ ಕೆಲಸ ಬಿಟ್ಟಿದ್ದ. ನನ್ನ ರಿಪೋರ್ಟ್ ತಪ್ಪು ಅಂತ ಅಲ್ಲೇ ಗೊತ್ತಾಯಿತು. ಅಮ್ಮನ ಹತ್ತಿರ ಕ್ಷಮೆ ಕೇಳಿ ಮೊದಲಿಂದ ಶುರು ಮಾಡಿದೆ.

ಆ ಹುಡುಗಿಯದು 22. ಎದ್ದೇ ಇರಲಿಲ್ಲ. ಪುಸ್ತಕ ತೆರೆದಿತ್ತು, ಕಣ್ಣು ಕಿಟಕಿಯಲ್ಲಿತ್ತು.

ಟೀಚರ್‌ನ ಕೇಳಿದೆ. 'ಅವಳಾ? ಪಾಪ, ತುಂಬಾ ಒಳ್ಳೆ ಹುಡುಗಿ ಮೇಡಂ, ಗಲಾಟೆನೇ ಇಲ್ಲ.'

20 ನಿಮಿಷ ನೋಡಿ ಏನೂ ಹೇಳಲಾಗದು. ಕಿವಿ ಮಂದವಾಗಿದ್ದರೂ ಹೀಗೇ, ನಿದ್ದೆ ಸಾಲದಿದ್ದರೂ ಹೀಗೇ. ಕೆಲವು ಸೆಕೆಂಡ್ ದೃಷ್ಟಿ ನೆಟ್ಟು ನಿಲ್ಲುವ ಒಂದು ಬಗೆಯ ಫಿಟ್ಸ್ ಕೂಡ ಹೊರಗಿನವರಿಗೆ ಹಗಲುಗನಸಿನ ಹಾಗೇ ಕಾಣುತ್ತದೆ. ಅವಳ ಅಪ್ಪ-ಅಮ್ಮನನ್ನು ಒಮ್ಮೆ ಕರೆಸಿ, ಮೊದಲು ಡಾಕ್ಟರ ಹತ್ತಿರ ಕಿವಿ, ಕಣ್ಣು ತೋರಿಸಲು ಹೇಳಿ ಅಂತ ಟೀಚರ್‌ಗೆ ಹೇಳಿ ಹೊರಟೆ.