ಶನಿವಾರದ ಇಫ್ತಾರ್

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ಕೂತಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ಎದುರಿಗೆ ಮೇಷ್ಟ್ರು ಕೈಕಟ್ಟಿ ಕೂತಿದ್ದರು. ಸಪ್ಲೈಯರ್ ಹುಡುಗ ಎರಡು ಸಲ ಬಂದು "ನಿಮಗೇನು ಸಾರ್?" ಅಂದ. ಎರಡನೇ ಸಲ ಮೇಷ್ಟ್ರು "ರೋಜಾ ಇದೀನಪ್ಪ" ಅಂದರು. ಹುಡುಗ ತಲೆ ಆಡಿಸಿ, ಅವರ ಮುಂದಿದ್ದ ನೀರಿನ ಲೋಟವನ್ನೂ ಎತ್ತಿಕೊಂಡು ಹೋದ. ನಾನು ಬೆಣ್ಣೆ ಕರಗುವುದರೊಳಗೆ ಇಡ್ಲಿ ಮುಗಿಸಿ ಎದ್ದೆ.

ಅದು 2025ರ ಮಾರ್ಚ್ 8, ಎರಡನೇ ಶನಿವಾರ. ಆ ವರ್ಷ ರಂಜಾನ್ ಮಾರ್ಚ್ 2ಕ್ಕೆ ಶುರುವಾಗಿತ್ತು, ಹಾಗಾಗಿ ಅವರಿಗೆ ಏಳನೇ ರೋಜಾ, ಏಳನೇ ದಿನದ ಉಪವಾಸ. ನಾವಿಬ್ಬರೂ ಬೆಂಗಳೂರಿನ ಒಂದೇ ಶಾಲೆಯಲ್ಲಿ ಪಾಠ ಮಾಡುವವರು. ನಾನು ಕನ್ನಡ, ಅವರು ಗಣಿತ. ಶಾಲೆಯಲ್ಲಿ ಇಪ್ಪತ್ತು ಜನ ಮೇಷ್ಟ್ರುಗಳಿದ್ದರೂ "ಮೇಷ್ಟ್ರು" ಅಂದರೆ ಇವರೊಬ್ಬರೇ. ಎರಡು ವರ್ಷದಿಂದ ಶಿವಮೊಗ್ಗಕ್ಕೆ ಹೋಗೋಣ, ತುಂಗೆ ನೋಡೋಣ ಅಂತ ಹೇಳುತ್ತಲೇ ಇದ್ದೆವು. ಪರೀಕ್ಷೆ ಶುರುವಾದರೆ ಮತ್ತೆ ಬಿಡುವಿಲ್ಲ. "ರೋಜಾದಲ್ಲಿ ಕಷ್ಟ ಆಗಲ್ವಾ?" ಅಂದರೆ, "ಕಾರು ಓಡಿಸೋದು ನೀವು, ಕೂತ್ಕೊಳ್ಳೋದು ನಾನು. ಏನು ಕಷ್ಟ?" ಅಂದರು.

ತಿಪಟೂರು, ಅರಸೀಕೆರೆ, ಕಡೂರು. ಈ ದಾರಿಯ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ, ತೆಂಗಿನ ತೋಟ ಮತ್ತು ಬಿಸಿಲು. ತರೀಕೆರೆ ಹತ್ತಿರ ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಪ್ರಯಾಣದಲ್ಲಿದ್ದವರು ರೋಜಾ ಬಿಡಬಹುದು, ಆಮೇಲೆ ಬೇರೆ ದಿನ ಹಿಡಿದು ಲೆಕ್ಕ ತೀರಿಸಬಹುದು ಅಂತ ಕುರಾನಿನಲ್ಲೇ ಇದೆಯಲ್ಲ, ಮತ್ತೆ ಯಾಕೆ ಈ ಒದ್ದಾಟ?

"ಇದೆ. ಆದರೆ ಆಮೇಲೆ ಒಬ್ಬನೇ ಹಿಡೀಬೇಕು. ಮನೇಲಿ ಎಲ್ಲರೂ ತಿಂಡಿ ತಿಂತಿರ್ತಾರೆ, ನಾನೊಬ್ಬ ಮುಖ ನೋಡ್ಕೊಂಡು ಕೂತಿರಬೇಕು. ಎಲ್ಲರ ಜೊತೆ ಹಸಿಯೋದು ಸುಲಭ ಸಾರ್."

ಇಡ್ಲಿ ಮತ್ತೆ ನೆನಪಾಯಿತು.

ಸಕ್ರೆಬೈಲಿನ ಆನೆ ಬಿಡಾರಕ್ಕೆ ತಲುಪಿದಾಗ ಹನ್ನೆರಡು ದಾಟಿತ್ತು. ಆನೆಗಳು ಬೆಳಗಿನ ಸ್ನಾನ ಮುಗಿಸಿ ಕಾಡಿಗೆ ಹೋಗಿದ್ದವು. "ಬೆಳಿಗ್ಗೆ ಬರಬೇಕು ಸಾರ್" ಅಂತ ಗೇಟಿನವರು ಹೇಳಿದರು. ನಾನು ಬೋರ್ಡು ಓದದೆ, ಯಾರನ್ನೂ ಕೇಳದೆ ಹಾಕಿಕೊಂಡ ಪ್ಲಾನು. ಹೆಜ್ಜೆ ಗುರುತು, ಲದ್ದಿ, ಗಾಜನೂರು ಡ್ಯಾಮಿನ ಹಿನ್ನೀರು ನೋಡಿಕೊಂಡು ವಾಪಸ್ ತಿರುಗಿದೆವು.

ಮಧ್ಯಾಹ್ನ ಕಳೆಯಲು ಕೂಡಲಿಗೆ ಹೋದೆವು. ಶಿವಮೊಗ್ಗದಿಂದ ಹದಿನೈದು ಕಿಲೋಮೀಟರ್ ಚಿಲ್ಲರೆ. ಒಂದು ಕಡೆಯಿಂದ ತುಂಗೆ, ಇನ್ನೊಂದು ಕಡೆಯಿಂದ ಭದ್ರೆ ಬಂದು ಸೇರುವ ಜಾಗ. ಇಲ್ಲಿಂದ ಮುಂದೆ ಎರಡಕ್ಕೂ ಒಂದೇ ಹೆಸರು, ತುಂಗಭದ್ರಾ. ಹೊಯ್ಸಳರ ಕಾಲದ ರಾಮೇಶ್ವರ ದೇವಸ್ಥಾನದ ಕಲ್ಲು ಮಧ್ಯಾಹ್ನದ ಬಿಸಿಲಿಗೆ ಕಾದು ಕಾಲಿಡೋಕಾಗುತ್ತಿರಲಿಲ್ಲ. ನದಿಯಲ್ಲಿ ನೀರು ಕಡಿಮೆ, ಬಂಡೆಗಳೆಲ್ಲ ಬೆನ್ನು ತೋರಿಸುತ್ತಿದ್ದವು.

"ಗಂಗಾ ಸ್ನಾನ, ತುಂಗಾ ಪಾನ" ಅಂತ ಮಾತಿದೆಯಲ್ಲ. ಮಿಂದರೆ ಗಂಗೆಯಲ್ಲಿ ಮೀಯಬೇಕು, ಕುಡಿದರೆ ತುಂಗೆ ನೀರು ಕುಡಿಯಬೇಕು. ಕನ್ನಡ ಮೇಷ್ಟ್ರ ಬಾಯಿ ಸುಮ್ನೆ ಇರುತ್ತಾ? ಹೇಳಿಯೇಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ನಕ್ಕು, ಪ್ಯಾಂಟು ಮಡಚಿ ನೀರಿಗಿಳಿದರು. ನಮಾಜಿಗೆ ಮುಂಚೆ ವುಜೂ ಮಾಡಬೇಕು: ಕೈ, ಬಾಯಿ, ಮೂಗು, ಮುಖ, ತೋಳು, ತಲೆ, ಪಾದ. ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡರು, ಮೆಲ್ಲಗೆ ಆಡಿಸಿದರು, ಉಗುಳಿದರು. ರೋಜಾದಲ್ಲಿ ಗಂಟಲವರೆಗೆ ಮುಕ್ಕಳಿಸುವ ಹಾಗಿಲ್ಲವಂತೆ, ಎಲ್ಲಿ ಹನಿ ಜಾರಿಬಿಡುತ್ತೋ ಅಂತ. ಮೂರು ಸಲ ತುಂಗೆ ಅವರ ಬಾಯಿಗೆ ಬಂದಳು, ಮೂರು ಸಲವೂ ಹೊರಗೇ ಹೋದಳು. ನಾನು ಮರದ ಹಿಂದೆ ಹೋಗಿ ಬಾಟಲಿಯ ನೀರು ಕುಡಿದು ಬಂದೆ. ಬಾಯಿ ಒರೆಸಿಕೊಂಡಿದ್ದೆ, ಆದರೂ ಅವರಿಗೆ ಗೊತ್ತಾಗಿತ್ತು ಅನಿಸುತ್ತೆ.

ಸಂಜೆ ಆರಕ್ಕೆ ಶಿವಮೊಗ್ಗ. ಗಾಂಧಿ ಬಜಾರಿನ ಗದ್ದಲ ದಾಟಿ ಒಂದು ಓಣಿಗೆ ತಿರುಗಿದರೆ ಹೊಗೆ, ಎಣ್ಣೆ, ಸುಟ್ಟ ಮಸಾಲೆಯ ವಾಸನೆ. ತಳ್ಳುಗಾಡಿಗಳ ಮೇಲೆ ಕೆಂಪು ಕಲ್ಲಂಗಡಿ ಹೋಳು, ಬುಟ್ಟಿ ತುಂಬ ಸಮೋಸಾ. ಮೇಷ್ಟ್ರು ಯಾರನ್ನೋ ಕೇಳಿ ಒಂದು ಹೋಟೆಲ್ ಹಿಡಿದರು. ಆರೇಳು ಟೇಬಲ್ಲಿನ ಸಣ್ಣ ಜಾಗ. ಬಾಗಿಲ ಮೇಲಿನ ಹಸಿರು ಬೋರ್ಡಿನಲ್ಲಿ ಕನ್ನಡದಲ್ಲೂ ಉರ್ದುವಿನಲ್ಲೂ "ಹಲಾಲ್" ಅಂತ. ಪಕ್ಕದ ಕರಿಹಲಗೆಯಲ್ಲಿ ಸೀಮೆಸುಣ್ಣದಲ್ಲಿ: ಬಿರಿಯಾನಿ, ಸೀಖ್ ಕಬಾಬ್, ಪರೋಟ, ಕೀಮಾ ಸಮೋಸಾ, ಇವತ್ತು ಹಲೀಮ್ ಇದೆ.

ಹಲಾಲ್ ಅಂದರೆ ಬರೀ ಮಾಂಸದ ಮಾತು ಅಂದುಕೊಂಡಿದ್ದೆ. "ಒಪ್ಪಿತವಾದದ್ದು ಅಂತ ಅರ್ಥ, ಅಷ್ಟೇ. ಖರ್ಜೂರಾನೂ ಹಲಾಲೇ, ನೀವು ಪಾಠ ಮಾಡಿ ತಗೊಳ್ಳೋ ಸಂಬಳಾನೂ ಹಲಾಲೇ" ಅಂದರು ಮೇಷ್ಟ್ರು.

"ಟ್ಯೂಷನ್ ದುಡ್ಡು?"

"ಅದನ್ನ ಯೋಚನೆ ಮಾಡಬೇಕು."

ಆಗ ನನಗೆ ನೆನಪಾಯಿತು, ಇವತ್ತು ಶನಿವಾರ. ಶನಿವಾರ ನಾನು ಮಾಂಸ ಮುಟ್ಟುವುದಿಲ್ಲ. ದೊಡ್ಡ ಭಕ್ತಿಯೇನಲ್ಲ, ಅಮ್ಮನಿಗೆ ಕೊಟ್ಟ ಮಾತು. ಗಲ್ಲಾದಲ್ಲಿದ್ದ ಯಜಮಾನರಿಗೆ ಮೆಲ್ಲಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಶನಿವಾರಾನಾ? ಹಂಗಾದ್ರೆ ನಿಮ್ಮದೂ ಒಂದು ರೋಜಾ" ಅಂದು ಒಳಗೆ ಕೂಗಿದರು, "ಒಂದು ಪ್ಲೇಟು ಸಾದಾ!"

ಆರೂ ಇಪ್ಪತ್ತಕ್ಕೆ ಎಲ್ಲರ ಮುಂದೂ ತಟ್ಟೆ ಬಂತು. ಮೂರು ಖರ್ಜೂರ, ಕಲ್ಲಂಗಡಿ, ಪಪ್ಪಾಯ, ಒಗ್ಗರಣೆ ಹಾಕಿದ ಕಡಲೆಕಾಳು, ಒಂದು ಸಮೋಸಾ, ನನಗೆ ಮಾತ್ರ ಅದರ ಬದಲು ಈರುಳ್ಳಿ ಬಜ್ಜಿ. ಗುಲಾಬಿ ಬಣ್ಣದ ಶರಬತ್ತು, ಮೇಲೆ ತೇಲುವ ಕಾಮಕಸ್ತೂರಿ ಬೀಜ. ಸ್ಟೀಲ್ ಲೋಟದಲ್ಲಿ ನೀರು. ಈ ತಟ್ಟೆಗೆ ದುಡ್ಡಿಲ್ಲ, ಆಮೇಲೆ ತಿನ್ನುವ ಊಟಕ್ಕೆ ಮಾತ್ರ ಬಿಲ್ಲು. ರೋಜಾ ಇದ್ದವರಿಗೆ ಇಫ್ತಾರ್ ಮಾಡಿಸಿದರೆ, ಅಂದರೆ ಸೂರ್ಯ ಮುಳುಗಿದ ಮೇಲೆ ಉಪವಾಸ ಬಿಡಿಸಿದರೆ, ಪುಣ್ಯ ಅನ್ನುವ ನಂಬಿಕೆ. ನಾನು ರೋಜಾ ಇಲ್ಲದವನು ಅಂತ ಗೊತ್ತಿದ್ದೂ ಕೊಟ್ಟರು.

ಕಾಯುವುದು ಶುರುವಾಯಿತು. ಹಸಿದವರ ಮುಂದೆ ತಿಂಡಿ ಇಟ್ಟು ಹದಿನೈದು ನಿಮಿಷ ಸುಮ್ಮನೆ ಕೂರಿಸಿದರೆ ಒಂದು ಹೋಟೆಲ್ ಎಷ್ಟು ನಿಶ್ಶಬ್ದವಾಗುತ್ತೆ ಅನ್ನುವುದನ್ನು ಅಲ್ಲೇ ನೋಡಬೇಕು. ಪಕ್ಕದ ಟೇಬಲ್ಲಿನ ಪುಟ್ಟ ಹುಡುಗಿ ಸಮೋಸಾದ ಮೂಲೆಯನ್ನು ಬೆರಳಿನಿಂದ ಮುಟ್ಟಿ, ಬೆರಳು ಮೂಸಿ, ಮತ್ತೆ ಮಡಿಲಲ್ಲಿ ಕೈ ಇಟ್ಟುಕೊಂಡಳು.

ಇದ್ದಕ್ಕಿದ್ದಂತೆ ಮೇಷ್ಟ್ರ ಫೋನು ಕೂಗಿತು. ಅಜಾನ್, ನಮಾಜಿನ ಕರೆ. ಮೇಷ್ಟ್ರು ಬಿಸ್ಮಿಲ್ಲಾ ಅಂದು ಖರ್ಜೂರ ಎತ್ತಿದರು, ತುಟಿಯವರೆಗೂ ಹೋಗಿತ್ತು. ಎದುರಿಗೆ ಕೂತಿದ್ದ ಬಿಳಿಗಡ್ಡದವರು ಚಕ್ಕನೆ ಅವರ ಮಣಿಕಟ್ಟು ಹಿಡಿದರು.

"ಯಾವೂರು ನಿಮ್ಮದು?"

"ಬೆಂಗಳೂರು."

"ಅದಕ್ಕೇ. ಅದು ಬೆಂಗಳೂರಿನ ಅಜಾನ್. ನಮ್ಮೂರಲ್ಲಿ ಇನ್ನೂ ಎಂಟು ನಿಮಿಷ ಇದೆ."

ಮೇಷ್ಟ್ರ ಮುಖ ನೋಡಬೇಕಿತ್ತು. ಫೋನಿನ ಆ್ಯಪ್ ಬೆಂಗಳೂರಿನಲ್ಲೇ ಕೂತಿತ್ತು, ನಾವು ಮಾತ್ರ ಬಂದಿದ್ದೆವು. ಖರ್ಜೂರ ತಟ್ಟೆಗಿಟ್ಟು, ಟೇಬಲ್ ಮೇಲಿನ ಹಳೇ ಪೇಪರಿನ ಅಂಚಿನಲ್ಲಿ ಪೆನ್ನು ತೆಗೆದು ಲೆಕ್ಕ ಹಾಕಿದರು. ಬೆಂಗಳೂರು 77.6 ಡಿಗ್ರಿ ರೇಖಾಂಶ, ಶಿವಮೊಗ್ಗ 75.6. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಎರಡು ಡಿಗ್ರಿಗೆ ಎಂಟು. ಅಲ್ಲಿ ಸುಮಾರು ಆರೂವರೆ, ಇಲ್ಲಿ 6.38ರ ಹತ್ತಿರ. "ಹದಿನೆಂಟು ವರ್ಷದಿಂದ ಮಕ್ಕಳಿಗೆ ಇದೇ ಲೆಕ್ಕ ಕೊಡ್ತಾ ಇದೀನಿ ಸಾರ್" ಅಂದರು. ಪಡುವಣಕ್ಕೆ ಹೋದಷ್ಟೂ ಉಪವಾಸ ಉದ್ದ. ಆದರೆ ಅವರು ಸಹರಿ, ಅಂದರೆ ರೋಜಾ ಶುರುವಾಗುವ ಮುಂಚಿನ ನಸುಕಿನ ಊಟ, ಮಾಡಿದ್ದು ಬೆಂಗಳೂರಿನ ಬೆಳಗಿಗೆ. ಪಾಪ, ಎಂಟು ನಿಮಿಷ ನಷ್ಟ.

ಆ ಎಂಟು ನಿಮಿಷ ಕಳೆಯಲು ಹಿರಿಯರು ಮಾತು ತೆಗೆದರು. ಅವರು ತೀರ್ಥಹಳ್ಳಿ ಕಡೆಯವರು. ಚಂದ್ರನ ವರ್ಷ ಹತ್ತು ಹನ್ನೊಂದು ದಿನ ಚಿಕ್ಕದು, ಹಾಗಾಗಿ ರಂಜಾನ್ ವರ್ಷವರ್ಷ ಹಿಂದೆ ಸರಿಯುತ್ತೆ, ಸುಮಾರು ಮೂವತ್ತಮೂರು ವರ್ಷಕ್ಕೆ ಒಂದು ಸುತ್ತು. 1982ರಲ್ಲಿ ಜೂನ್ ಕೊನೆಗೆ ಶುರುವಾಗಿತ್ತು. "ಮಲೆನಾಡಿನ ಮಳೆಗಾಲದಲ್ಲಿ ಸೂರ್ಯ ಎಲ್ಲಿ ಕಾಣ್ತಾನೆ? ಮೂರು ಗಂಟೆಗೇ ಕತ್ತಲು. ಹೆಂಚಿನ ಮೇಲೆ ಮಳೆ ಬಿದ್ದರೆ ಮಸೀದಿ ಬಾಂಗ್ ಕೇಳ್ತಿರಲಿಲ್ಲ. ಅಪ್ಪ ಅಲಾರಂ ಗಡಿಯಾರನ ಕೊಡಪಾನದ ಮೇಲೆ ಇಡ್ತಿದ್ರು, ಸದ್ದು ಜೋರಾಗಿ ಬರಲಿ ಅಂತ." 2015ರಲ್ಲಿ ಅದೇ ಮಳೆ ರಂಜಾನ್ ಮತ್ತೆ ಬಂತಂತೆ. ಆಗ ಎಲ್ಲರ ಕೈಲೂ ಮೊಬೈಲು. "ನೆಟ್‌ವರ್ಕ್ ಇರಲಿಲ್ಲ ಅಷ್ಟೇ."

ಹೊರಗಿನಿಂದ ಅಜಾನ್ ಬಂತು. ಈ ಸಲ ಮೇಷ್ಟ್ರು ಹಿರಿಯರ ಮುಖ ನೋಡಿ, ಅವರು ತಲೆ ಆಡಿಸಿದ ಮೇಲೇ ಖರ್ಜೂರ ಬಾಯಿಗಿಟ್ಟರು. ಆಮೇಲೆ ನೀರು. ಶರಬತ್ತು ಅಲ್ಲ, ನೀರು. ಕಣ್ಣು ಮುಚ್ಚಿ, ನಿಧಾನವಾಗಿ, ಗಂಟಲು ಏರಿಳಿಯುವುದು ಕಾಣುವ ಹಾಗೆ ಕುಡಿದರು. ಈ ಊರಿನ ನಲ್ಲಿಗೆ ಬರುವುದು ತುಂಗೆಯೇ. ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದರು. "ತುಂಗಾ ಪಾನ" ಅಂದರು. ಇನ್ನೊಂದು ಲೋಟ ಕೇಳಿದರು.

ಹತ್ತಿರದಲ್ಲೇ ನಮಾಜು ಮುಗಿಸಿ ಬಂದ ಮೇಲೆ ಹಲೀಮ್ ಬಂತು. ಗೋಧಿ, ಬೇಳೆ, ಮಾಂಸ ಗಂಟೆಗಟ್ಟಲೆ ಬೆಂದು, ಮರದ ಕೋಲಿನಲ್ಲಿ ಕುಟ್ಟಿಸಿಕೊಂಡು, ಯಾವುದು ಯಾವುದು ಅಂತ ಗೊತ್ತಾಗದ ಹಾಗೆ ಒಂದಾಗಿರುತ್ತೆ. ಅರಬರ ಹರೀಸ್ ಹೈದರಾಬಾದಿಗೆ ಬಂದು ಮಸಾಲೆ ಹತ್ತಿಸಿಕೊಂಡು ಹಲೀಮ್ ಆಯಿತು. ಹೈದರಾಬಾದಿ ಹಲೀಮಿಗೆ 2010ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಮೇಲೆ ಕರಿದ ಈರುಳ್ಳಿ, ನಿಂಬೆ ಹೋಳು, ತುಪ್ಪ. ನಾನು ವಾಸನೆ ತಗೊಂಡು ಕೂತಿದ್ದೆ.

"ತಿನ್ನಿ ಸಾರ್. ನಮ್ಮ ಲೆಕ್ಕದಲ್ಲಿ ಸೂರ್ಯ ಮುಳುಗಿದ ತಕ್ಷಣ ಮರುದಿನ ಶುರು. ಶನಿವಾರ ಮುಗೀತು, ಈಗ ಭಾನುವಾರ" ಅಂದರು ಮೇಷ್ಟ್ರು.

"ನಮ್ಮಮ್ಮನ ಲೆಕ್ಕದಲ್ಲಿ ನಾಳೆ ಸೂರ್ಯ ಹುಟ್ಟೋವರೆಗೂ ಶನಿವಾರವೇ."

ಹಿರಿಯರು ಜೋರಾಗಿ ನಕ್ಕರು. "ಅಮ್ಮನ ಲೆಕ್ಕಾನೇ ಸರಿ" ಅಂದರು.

ಕೈ ತೊಳೆಯಲು ಹೋದಾಗ ಅಡುಗೆಮನೆ ಕಂಡಿತು. ದೊಡ್ಡ ದೇಗ್ಚಿಯ ಪಕ್ಕ ಅಡುಗೆ ಭಾಯ್, ಅವರೂ ಹಗಲೆಲ್ಲ ರೋಜಾ. ರುಚಿ ನೋಡದೆ ಅಡುಗೆ ಹೇಗೆ ಅಂದರೆ, ಸೌಟು ತೊಳೆಯುತ್ತಿದ್ದ ಹುಡುಗನನ್ನು ತೋರಿಸಿದರು. ರಿಪ್ಪನ್‌ಪೇಟೆ ಕಡೆಯವನು. ಮಧ್ಯಾಹ್ನ ಎಲ್ಲ ಪಾತ್ರೆಯ ಉಪ್ಪು ನೋಡುವುದು ಅವನ ಕೆಲಸ. ಅಂಗೈ ಮೇಲೆ ಒಂದು ಹನಿ ಹಾಕಿಸಿಕೊಂಡು, ನೆಕ್ಕಿ, "ಇನ್ನೊಂದು ಚೂರು" ಅಥವಾ "ಸಾಕು" ಅನ್ನಬೇಕು, ಅಷ್ಟೇ.

"ನಿನಗೆ ಶನಿವಾರ ಇಲ್ಲವೇನೋ?"

"ನಂದು ಸೋಮವಾರ ಸಾರ್."

"ಸೋಮವಾರ ಉಪ್ಪು ಯಾರು ನೋಡ್ತಾರೆ?"

"ಭಾಯ್ ಅಂದಾಜಿಗೆ ಹಾಕ್ತಾರೆ. ಯಾವಾಗ್ಲೂ ಜಾಸ್ತಿನೇ. ಸೋಮವಾರ ಬರಬೇಡಿ."

ರಾತ್ರಿ ಲಾಡ್ಜಿನಲ್ಲಿ ಮಲಗಿ, ನಾಲ್ಕಕ್ಕೆ ಎದ್ದೆವು. ಗೇಟಿಗೆ ಬೀಗ, ಕೀಲಿ ಇಟ್ಟುಕೊಂಡ ಹುಡುಗ ಎಲ್ಲೋ ಗಾಢ ನಿದ್ದೆಯಲ್ಲಿ. ಅವನನ್ನು ಹುಡುಕಿ ಎಬ್ಬಿಸುವಷ್ಟರಲ್ಲಿ ಇಪ್ಪತ್ತು ನಿಮಿಷ. ರಂಜಾನ್ ತಿಂಗಳಲ್ಲಿ ಆ ಹೋಟೆಲು ಸಹರಿಗೂ ತೆಗೆದಿರುತ್ತೆ. ಹಲೀಮ್ ರಾತ್ರಿಯೇ ಖಾಲಿ. ಆದರೆ ಇಡೀ ರಾತ್ರಿ ಸಣ್ಣ ಉರಿಯಲ್ಲಿ ಬೆಂದ ಮಾಂಸದ ಸಾರು, ನಿಹಾರಿ ಇತ್ತು. ನಹಾರ್ ಅಂದರೆ ಅರಬ್ಬಿಯಲ್ಲಿ ಹಗಲು, ಬೆಳಗಿನ ಅಡುಗೆ ಅಂತಲೇ ಆ ಹೆಸರು. ಮೇಷ್ಟ್ರು ಅದನ್ನು ಮುಟ್ಟಲಿಲ್ಲ. ಉಪ್ಪು ಖಾರ ತಿಂದರೆ ಹಗಲು ಬಾಯಾರಿಕೆ ಅಂತ ಮೊಸರನ್ನ, ಎರಡು ಬಾಳೆಹಣ್ಣು ತಿಂದರು. ನನಗೆ ಇನ್ನೂ ಶನಿವಾರ. ಟೀ ಕುಡಿದು, ನಿಹಾರಿ ಮತ್ತು ಎರಡು ಪರೋಟ ಪಾರ್ಸೆಲ್ ಕಟ್ಟಿಸಿದೆ.

ಕತ್ತಲಲ್ಲೇ ಹೊರಟೆವು. "ಇವತ್ತು ಮೂಡಲಕ್ಕೆ ಹೋಗ್ತಿದ್ದೀವಿ. ನಿನ್ನೆಯ ಎಂಟು ನಿಮಿಷ ಬಡ್ಡಿ ಇಲ್ಲದೆ ವಾಪಸ್" ಅಂದರು ಮೇಷ್ಟ್ರು. ತರೀಕೆರೆ ದಾಟಿದ ಮೇಲೆ ಅಡಿಕೆ ತೋಟದ ಹಿಂದೆ ಸೂರ್ಯ ಬಂದ. ಪೂರ್ತಿ ಮೇಲೆ ಬರುವವರೆಗೂ ಕಾದು, ಕಾರು ಬದಿಗೆ ಹಾಕಿ, ಬಾನೆಟ್ ಮೇಲೆ ಪಾರ್ಸೆಲ್ ಬಿಚ್ಚಿದೆ. ಬಾಳೆಲೆ ಬಾಡಿತ್ತು, ನಿಹಾರಿ ಇನ್ನೂ ಬೆಚ್ಚಗಿತ್ತು. ಮೇಷ್ಟ್ರು ಪಕ್ಕದಲ್ಲಿ ಕೈಕಟ್ಟಿ ನಿಂತರು, ಕ್ಯಾತ್ಸಂದ್ರದಲ್ಲಿ ಕೂತಿದ್ದ ಹಾಗೇ. ಆದರೆ ಈ ಸಲ ನಾನು ಆತುರ ಮಾಡಲಿಲ್ಲ.

ಮೊದಲ ತುತ್ತು ಬಾಯಿಗಿಟ್ಟೆ.

"ಉಪ್ಪು ಹೇಗಿದೆ?" ಅಂದರು.

"ಒಂದು ಚೂರು ಜಾಸ್ತಿ."

"ಹಂಗಾದ್ರೆ ರಾತ್ರಿ ಭಾಯ್ ಅವರೇ ರುಚಿ ನೋಡಿದಾರೆ."