ಹತ್ತು ನಿಮಿಷದ ಗಾಬರಿ, ಎರಡು ತಿಂಗಳ ಗೈರುಹಾಜರಿ

ಮಗಳು ಎರಡನೇ ಪಿಯುಸಿಯಲ್ಲಿದ್ದ ವರ್ಷ, ಜುಲೈ ತಿಂಗಳ ಒಂದು ಬೆಳಿಗ್ಗೆ ಕಾಲೇಜಿನಿಂದ ಫೋನ್ ಬಂತು. ಭೌತಶಾಸ್ತ್ರದ ಪಾಠ ನಡೆಯುತ್ತಿದ್ದಾಗ ಅವಳ ಎದೆ ಡವಡವ ಹೊಡೆದುಕೊಳ್ಳತೊಡಗಿ, ಉಸಿರು ಕಟ್ಟಿದಂತಾಗಿ, ಕೈಬೆರಳುಗಳು ಜೋಮು ಹಿಡಿದು ಸೆಟೆದುಕೊಂಡಿದ್ದವು. ನಾನು ತಲುಪುವ ಹೊತ್ತಿಗೆ ಎಲ್ಲವೂ ಇಳಿದು, ಅವಳು ಸ್ಟಾಫ್ ರೂಮಿನ ಬೆಂಚಿನ ಮೇಲೆ ಸುಸ್ತಾಗಿ ಕುಳಿತಿದ್ದಳು. ‘ಅಮ್ಮಾ, ಸತ್ತೇ ಹೋದೆ ಅನ್ನಿಸಿತು’ ಎಂದಳು. ಅದು ‘ಪ್ಯಾನಿಕ್ ಅಟ್ಯಾಕ್’, ಅಂದರೆ ಗಾಬರಿಯ ದಾಳಿ, ಎಂದು ನನಗೆ ತಿಳಿದದ್ದು ತಿಂಗಳುಗಳ ನಂತರ.

ಇಸಿಜಿ, ರಕ್ತಪರೀಕ್ಷೆ, ಥೈರಾಯ್ಡ್ ಎಲ್ಲವೂ ಸರಿಯಾಗಿಯೇ ಬಂದವು. ಮೊದಲ ಸಲ ಹೀಗಾದಾಗ ಹೃದಯ, ಆಸ್ತಮಾ, ರಕ್ತಹೀನತೆಗಳನ್ನು ಪರೀಕ್ಷಿಸಿಕೊಳ್ಳಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ‘ಏನೂ ಇಲ್ಲ, ಗ್ಯಾಸ್ಟ್ರಿಕ್ ಇರಬಹುದು’ ಎಂದು ವೈದ್ಯರು ಹೇಳಿ ಕಳುಹಿಸಿದ ಮಾತು ಅವಳನ್ನು ಇನ್ನಷ್ಟು ಕಂಗೆಡಿಸಿತು. ಏನೂ ಇಲ್ಲವೆಂದ ಮೇಲೆ ತನಗೆ ಹುಚ್ಚು ಹಿಡಿಯುತ್ತಿರಬೇಕು ಎಂದು ಅವಳು ಲೆಕ್ಕ ಹಾಕಿದಳು. ಆ ರಾತ್ರಿ ಅತ್ತೆಯವರು ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ನಾನು ಒಳಗೊಳಗೇ ಸಿಡುಕಿದೆನಾದರೂ, ಅಂದು ಅವಳ ಪಕ್ಕದಲ್ಲಿ ಗಾಬರಿಯಿಲ್ಲದೆ ಕುಳಿತಿದ್ದವರು ಅವರೊಬ್ಬರೇ ಎಂಬುದನ್ನು ಒಪ್ಪಿಕೊಳ್ಳಬೇಕು.

ನಾನು ಮಾಡಿದ ತಪ್ಪು ಬೇರೆಯದು, ಮತ್ತು ಅದನ್ನು ಪ್ರೀತಿಯೆಂದೇ ತಿಳಿದು ಮಾಡಿದೆ. ಫೋನ್ ಬಂದಾಗಲೆಲ್ಲ ಸ್ಕೂಟರ್ ಹತ್ತಿ ಹೋಗಿ ಅವಳನ್ನು ಮನೆಗೆ ಕರೆತರುತ್ತಿದ್ದೆ. ಕಾಲೇಜಿನ ಗೇಟು ದಾಟಿದೊಡನೆ ಅವಳಿಗೆ ಹಗುರವೆನಿಸುತ್ತಿತ್ತು. ಆ ಹಗುರವೇ ಅವಳ ದೇಹಕ್ಕೆ ‘ತರಗತಿ ಅಪಾಯದ ಜಾಗ, ಓಡಿಬಂದದ್ದರಿಂದ ಬದುಕಿದೆ’ ಎಂದು ಕಲಿಸುತ್ತಿತ್ತು. ಮೊದಲು ಭೌತಶಾಸ್ತ್ರದ ತರಗತಿ ತಪ್ಪಿತು, ಆಮೇಲೆ ಬಸ್ಸು, ಆಮೇಲೆ ಲ್ಯಾಬು; ದಸರಾ ರಜೆ ಬರುವ ಹೊತ್ತಿಗೆ ಕಾಲೇಜು ತಪ್ಪಿ ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಅವಳು ಹೆದರುತ್ತಿದ್ದದ್ದು ಪರೀಕ್ಷೆಗಲ್ಲ, ಮತ್ತೆ ಆ ಗಾಬರಿ ಬಂದೀತೆಂಬುದಕ್ಕೆ.

ಕೊನೆಗೆ ಕಂಡ ಮನೋವೈದ್ಯೆ ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಅಪಾಯವಿದೆ ಎಂದು ಮೆದುಳು ತಪ್ಪಾಗಿ ಗಂಟೆ ಬಾರಿಸಿದಾಗ ಅಡ್ರಿನಲಿನ್ ಎಂಬ ಹಾರ್ಮೋನು ಹರಿದು ಎದೆಬಡಿತ ಏರುತ್ತದೆ, ಉಸಿರಾಟ ವೇಗವಾಗುತ್ತದೆ. ಉಸಿರು ಸಾಲದೆಂದು ಅನ್ನಿಸುತ್ತದೆಯಾದರೂ ನಡೆಯುತ್ತಿರುವುದು ಅದರ ತಿರುಗುಮುರುಗು: ಬೇಕಾದುದಕ್ಕಿಂತ ಹೆಚ್ಚು ಉಸಿರಾಡಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದಿರುತ್ತದೆ. ಅದರಿಂದ ಮೆದುಳಿನ ರಕ್ತನಾಳಗಳು ಸಂಕುಚಿಸಿ ತಲೆ ಸುತ್ತುತ್ತದೆ, ರಕ್ತದ ಕ್ಯಾಲ್ಸಿಯಂ ಸಮತೋಲನ ಬದಲಾಗಿ ಬೆರಳುಗಳು ಜೋಮು ಹಿಡಿದು ಸೆಟೆಯುತ್ತವೆ. ಈ ಲಕ್ಷಣಗಳನ್ನೇ ಸಾವಿನ ಸೂಚನೆಯೆಂದು ಓದಿಕೊಂಡಾಗ ಗಾಬರಿ ಇಮ್ಮಡಿಸುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿಯೇ ಇಳಿಯುತ್ತದೆ. ಹಗ್ಗವನ್ನು ಹಾವೆಂದು ಕಂಡವನ ಉದಾಹರಣೆ ನಮಗೆಲ್ಲ ಗೊತ್ತು; ಹಾವು ಸುಳ್ಳಾದರೂ ಅವನ ಬೆವರು ನಿಜವೆಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಬೆರಳು ಯಾಕೆ ಸೆಟೆದುಕೊಂಡಿತೆಂದು ತಿಳಿದ ದಿನ ಮಗಳು ನಕ್ಕಿದ್ದು, ತಿಂಗಳುಗಳ ನಂತರದ ಮೊದಲ ನಗು. ರಾತ್ರಿ ಹನ್ನೊಂದಕ್ಕೆ ನಾನೇ ಮಾಡಿಕೊಡುತ್ತಿದ್ದ ಗಟ್ಟಿ ಕಾಫಿಯೂ ಇಂಥ ಗಾಬರಿಯನ್ನು ಕೆಣಕಬಲ್ಲದೆಂಬುದು ಅಂದು ನನಗೆ ಸಿಕ್ಕ ಪಾಠ.

ಚಿಕಿತ್ಸೆ ಎಂದರೆ ಶಾಂತವಾಗಿ ಕೂರಿಸುವುದೆಂದು ನಾನು ಊಹಿಸಿದ್ದೆ. ಅಲ್ಲಿ ಅವಳನ್ನು ಮೆಟ್ಟಿಲು ಹತ್ತಿಸಿ ಇಳಿಸಿದರು, ಕುರ್ಚಿಯಲ್ಲಿ ಗರಗರ ತಿರುಗಿಸಿದರು. ಎದೆಬಡಿತವನ್ನೂ ತಲೆಸುತ್ತನ್ನೂ ಬೇಕೆಂದೇ ತರಿಸಿಕೊಂಡು, ಅವು ಏನೂ ಮಾಡದೆ ಇಳಿದುಹೋಗುವುದನ್ನು ಅವಳೇ ನೋಡಲಿ ಎಂಬುದು ಉದ್ದೇಶ. ಕಾಗದದ ಚೀಲದೊಳಗೆ ಉಸಿರಾಡಿಸುವ ಹಳೆಯ ಉಪಾಯ ಬೇಡವೆಂದರು: ಗಾಬರಿಯೆಂದು ನಾವು ತಿಳಿದದ್ದು ಆಸ್ತಮಾ ಆಗಿದ್ದರೆ ಅದು ಅಪಾಯಕರ. ಅದರ ಬದಲು ಉಸಿರನ್ನು ನಿಧಾನವಾಗಿ, ಒಳಗೆ ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡುವುದು. ಪಕ್ಕದಲ್ಲಿರುವವರು ಕಡಿಮೆ ಮಾತಾಡಿ ಜೊತೆಗಿರುವುದು. ‘ಧೈರ್ಯ ತಂದುಕೋ’ ಎನ್ನುವ ನಮ್ಮ ನೆಚ್ಚಿನ ಮಾತು ಆ ಹೊತ್ತಿನಲ್ಲಿ ಬೈಗುಳದಂತೆ ಕೇಳಿಸುತ್ತದೆಯೆಂದು ಮಗಳೇ ಹೇಳಿದಳು. ಅವಳಿಗೆ ಮಾತ್ರೆಯ ಅಗತ್ಯ ಬೀಳಲಿಲ್ಲ. ಕೆಲವು ಮಕ್ಕಳಿಗೆ ಬೀಳುತ್ತದೆ, ಅದರಲ್ಲಿ ನಾಚಿಕೆಪಡುವುದೇನಿಲ್ಲ. ಆದರೆ ಪಕ್ಕದ ಮನೆಯವರು ಕೊಡುವ ‘ಅರ್ಧ ನಿದ್ದೆಮಾತ್ರೆ’ಯ ಸಹವಾಸ ಬೇಡ, ಅದು ಅಭ್ಯಾಸವಾಗಿಬಿಡುತ್ತದೆ.

ತಜ್ಞರು ಎಲ್ಲ ಊರಿನಲ್ಲಿ ಸಿಗುವುದಿಲ್ಲ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಮಗುವಿನ ಬಾಯಲ್ಲಿ ಬದುಕು ಬೇಡವೆಂಬ ಮಾತು ಬಂದರಂತೂ ಕಾಯುತ್ತ ಕೂರದೆ ಅಂದೇ ವೈದ್ಯರ ಬಳಿಗೆ ಹೋಗಬೇಕು.

ಕಾಲೇಜಿನೊಂದಿಗೆ ಒಂದು ಒಪ್ಪಂದವಾಯಿತು. ಗಾಬರಿ ಬಂದರೆ ಅವಳು ಯಾರನ್ನೂ ಕೇಳದೆ ಕಾರಿಡಾರಿಗೆ ಹೋಗಬಹುದು, ಐದು ನಿಮಿಷದ ನಂತರ ಒಳಗೆ ಬರಬೇಕು, ಮನೆಗೆ ಫೋನ್ ಮಾಡುವಂತಿಲ್ಲ. ಮೊದಲ ವಾರ ನನ್ನ ಕೈಯೇ ಫೋನಿಗಂಟಿಕೊಂಡಿತ್ತು. ಅವಳಿಗಿಂತ ನನಗೇ ಈ ನಿಯಮ ಕಷ್ಟವಾಯಿತೆಂದರೂ ಸರಿ. ವಾರ್ಷಿಕ ಪರೀಕ್ಷೆ ಮುಗಿದು ಹದಿನೈದು ದಿನಗಳಾದ ಮೇಲೆ, ಮಾವಿನಹಣ್ಣು ಹೆಚ್ಚುತ್ತ, ಬೇರೇನೋ ಮಾತಿನ ನಡುವೆ ಅವಳು ಹೇಳಿದಳು: ರಸಾಯನಶಾಸ್ತ್ರದ ದಿನ ಪರೀಕ್ಷಾ ಕೊಠಡಿಯಲ್ಲೇ ಗಾಬರಿ ಬಂದಿತ್ತಂತೆ, ಪೆನ್ನು ಕೆಳಗಿಟ್ಟು ಇಳಿಯುವವರೆಗೆ ಕುಳಿತಿದ್ದು ಮುಂದಿನ ಪ್ರಶ್ನೆ ಬರೆದಳಂತೆ. ಅಂದೇ ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, ಮರೆತುಹೋಗಿತ್ತು ಎಂದಳು.