ತಟ್ಟೆ ಇಡ್ಲಿ ಹೋಟೆಲ್ ಕೆಲಸ: ಕಾವಲಿ ಬಂತು, ಕಾಫಿ ಫಿಲ್ಟರ್ ಬಾಕಿ

ತುಮಕೂರಿನ ನಮ್ಮ ಟಿಫನ್ ಹೋಟೆಲ್‌ಗೆ ಪಾತ್ರೆ ಸಾಮಾನು ತರುವ ಕೆಲಸ ಮುಕ್ಕಾಲು ಭಾಗ ಮುಗಿಯಿತು. ನಾನು, ಭಾವ ಮತ್ತು ಅಡುಗೆಯ ಭಟ್ರು ಒಂದು ವಿಷಯ ಮೊದಲೇ ಒಪ್ಪಿಕೊಂಡಿದ್ದೆವು. ಅಂಗಡಿಯಲ್ಲಿ ಎಷ್ಟೇ ಚೆನ್ನಾಗಿ ಕಾಣಲಿ, ಬೆಳಗ್ಗೆ ಎಂಟರಿಂದ ಹತ್ತರವರೆಗಿನ ಗಲಾಟೆಗೆ ತಡೆಯದ ಸಾಮಾನು ಬೇಡ.

ಕಾವಲಿಗೇ ಜಾಸ್ತಿ ಚರ್ಚೆ ಆಯಿತು. 4 ಅಡಿ ಉದ್ದ, 2 ಅಡಿ ಅಗಲದ ಕಬ್ಬಿಣದ ತಗಡು 12 ಮಿಲಿಮೀಟರ್ ದಪ್ಪ ಇದ್ದರೆ ಸುಮಾರು 70 ಕೆಜಿ ತೂಗುತ್ತದೆ. 20 ಮಿಲಿಮೀಟರ್ ಆದರೆ 115 ಕೆಜಿ ದಾಟುತ್ತದೆ. ಕಬ್ಬಿಣಕ್ಕೆ ತೂಕದ ಲೆಕ್ಕದಲ್ಲೇ ದುಡ್ಡು. ಭಾವ ತೆಳುವಿನದೇ ಸಾಕು ಅಂದರು. ಭಟ್ರು ಕುಂದಾಪುರದ ಕಡೆಯವರು. "ತೆಳು ಕಾವಲಿ ಮೂರನೇ ದೋಸೆಗೇ ಸೋತು ಹೋಗ್ತದೆ ಮಾರಾಯ್ರೆ" ಅಂದರು. ಅವರ ಮಾತು ಸರಿ. ತಣ್ಣಗಿನ ಹಿಟ್ಟು, ಅದಕ್ಕೂ ಮೊದಲು ಚಿಮುಕಿಸುವ ನೀರು, ಎರಡೂ ಕಾವನ್ನು ಎಳೆದುಕೊಳ್ಳುತ್ತವೆ. ದಪ್ಪ ಕಬ್ಬಿಣದಲ್ಲಿ ಕಾವು ಕೂಡಿಟ್ಟಿರುತ್ತದೆ, ಬೇಗ ಇಳಿಯುವುದಿಲ್ಲ. ಕಾಯಲು ಹೊತ್ತು ಹಿಡಿಯುತ್ತದೆ, ನಿಜ. ಅಂಗಡಿ ತೆರೆಯುವ ಮೊದಲೇ ಒಲೆ ಹಚ್ಚಿದರಾಯಿತು. 20 ಮಿಲಿಮೀಟರಿನದೇ ತಂದೆವು. ಇಳಿಸಿಕೊಳ್ಳಲು ಪಕ್ಕದ ಗ್ಯಾರೇಜ್ ಹುಡುಗರನ್ನು ಕರೆಯಬೇಕಾಯಿತು. ಈಗ ದಿನಾ ಕಾಯಿಸಿ, ಎಣ್ಣೆ ಹಚ್ಚಿ, ಅರ್ಧ ಈರುಳ್ಳಿಯಿಂದ ಉಜ್ಜಿ ಪಳಗಿಸುತ್ತಿದ್ದೇವೆ.

ಇಡ್ಲಿ ತಟ್ಟೆ ವಿಚಾರದಲ್ಲಿ ಹುಷಾರಾಗಿರಬೇಕಿತ್ತು. ಕ್ಯಾತ್ಸಂದ್ರ ಪಕ್ಕದಲ್ಲೇ ಇರುವಾಗ ಇಲ್ಲಿನ ಜನಕ್ಕೆ ತಟ್ಟೆ ಇಡ್ಲಿ ಹೇಗಿರಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಅಂಗಡಿಯಲ್ಲಿ ಎಲ್ಲರೂ ತಟ್ಟೆಯ ಅಗಲ ನೋಡುತ್ತಾರೆ. ನಾವು ಸ್ಟ್ಯಾಂಡಿನಲ್ಲಿ ತಟ್ಟೆಗಳ ನಡುವಿನ ಸಂದು ಅಳೆದೆವು. ಸಂದು ಕಮ್ಮಿಯಾದರೆ ಉಬ್ಬಿದ ಇಡ್ಲಿ ಮೇಲಿನ ತಟ್ಟೆಯ ತಳಕ್ಕೆ ಅಂಟುತ್ತದೆ, ಹಬೆಯೂ ಸರಿಯಾಗಿ ಓಡಾಡುವುದಿಲ್ಲ. ತಟ್ಟೆಗೆ ಹಾಸಲು ಹತ್ತಿ ಬಟ್ಟೆ ಮಾತ್ರ. ಹೋಟೆಲ್‌ಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದುದಕ್ಕೆ 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಕಡಿವಾಣ ಹಾಕಿದ್ದು ನೆನಪಿದೆಯಲ್ಲ. ಬಟ್ಟೆಗೆ ಒಗೆಯುವ ಕೆಲಸ ಜಾಸ್ತಿ, ಅದಕ್ಕೇ ಮೂರು ಜೊತೆ ಹೊಲಿಸುತ್ತಿದ್ದೇವೆ.

ಸ್ಟೀಲ್ ಸಾಮಾನಿಗೆ ಬೆಂಗಳೂರಿನ ಚಿಕ್ಕಪೇಟೆ. ಒಬ್ಬ ಅಂಗಡಿಯವರು ಅಯಸ್ಕಾಂತ ಇಟ್ಟು ತೋರಿಸಿ, "ನೋಡಿ, ಅಂಟಲ್ಲ, 304 ಗ್ರೇಡ್" ಅಂದರು. 304 ಅಂದರೆ ಹುಳಿ, ಉಪ್ಪಿಗೆ ಸುಲಭಕ್ಕೆ ತುಕ್ಕು ಹಿಡಿಯದ ಸ್ಟೀಲ್. ಅಂಟದಿದ್ದರೆ 304 ಅಂತ ಅರ್ಥವಲ್ಲ. ಅಗ್ಗದ 202 ಕೂಡ ಹೆಚ್ಚುಕಮ್ಮಿ ಅಂಟುವುದಿಲ್ಲ. 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. 202ರಲ್ಲಿ ನಿಕಲ್ ಕಮ್ಮಿ, ಅದರ ಬದಲು ಮ್ಯಾಂಗನೀಸ್ ಜಾಸ್ತಿ. ಸ್ಟೀಲ್ ಮೇಲೆ ರಾಸಾಯನಿಕದ ಹನಿ ಬಿಟ್ಟು ಬಣ್ಣ ನೋಡುವ ಪರೀಕ್ಷೆ ಮಾಡಿ ತೋರಿಸಿದ ಅಂಗಡಿಯಲ್ಲೇ ಕೊಂಡೆವು. ಹುಣಸೆಹುಳಿ, ಉಪ್ಪು ಗಂಟೆಗಟ್ಟಲೆ ನಿಲ್ಲುವ ಸಾಂಬಾರ್ ಪಾತ್ರೆ 304. ಅಕ್ಕಿ ಬೇಳೆ ಡಬ್ಬಕ್ಕೆ 202 ಸಾಕು. ಹುಳಿ ಅಡುಗೆಗೆ ಅಲ್ಯೂಮಿನಿಯಂ ಬೇಡವೇ ಬೇಡ.

ಊಟದ ತಟ್ಟೆ ಎಷ್ಟು ಬೇಕು? ನಿಂತು ತಿನ್ನುವ ಜಾಗ 24 ಜನರಿಗೆ. 24 ಕೈಯಲ್ಲಿ, ಅಷ್ಟೇ ತೊಳೆಯುವ ತೊಟ್ಟಿಯಲ್ಲಿ, ಅಷ್ಟೇ ನೀರು ಸೋರಲು. ಹಾಗಾಗಿ 72, ಮೇಲೊಂದಿಷ್ಟು ಸೇರಿ 80. ಮೆಲಮೈನ್ ಹಗುರ, ಬಣ್ಣ ಚೆನ್ನಾಗಿದೆ. ಆದರೆ ಅರಿಶಿನದ ಕಲೆ ಹಿಡಿಯುತ್ತದೆ, ಉಜ್ಜಿದಷ್ಟೂ ಗೀರು. ಸ್ಟೀಲೇ ಇರಲಿ ಅಂದೆವು. ಗರಿಗರಿ ದೋಸೆಯನ್ನು ಬರೀ ಸ್ಟೀಲ್ ಮೇಲೆ ಹಾಕಿದರೆ ಹಬೆ ನೀರಾಗಿ ತಳ ಮೆತ್ತಗಾಗುತ್ತದೆ. ಅದಕ್ಕೆ ದುಂಡಗೆ ಕತ್ತರಿಸಿದ ಬಾಳೆ ಎಲೆ.

ಸೌಟನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಲ್ವಾ? ನನಗೆ ಅದೇ ಮುಖ್ಯ ಅನಿಸಿತು. 60 ಮಿಲಿಲೀಟರ್ ಸೌಟಿನಲ್ಲಿ 300 ತಟ್ಟೆಗೆ 18 ಲೀಟರ್ ಚಟ್ನಿ ಆಗುತ್ತದೆ. 80ರ ಸೌಟಾದರೆ 24 ಲೀಟರ್. ಈಗಿನ ತೆಂಗಿನಕಾಯಿ ರೇಟಿಗೆ ದಿನಕ್ಕೆ 6 ಲೀಟರ್ ಸುಮ್ನೆ ಅಲ್ಲ. 60ರದ್ದೇ ತಂದೆವು, ಕೇಳಿದವರಿಗೆ ಇನ್ನೊಂದು ಸೌಟು.

ಗ್ರೈಂಡರ್ ಬಂದಿದೆ. ಹೊಸ ಕಲ್ಲಿನ ಪುಡಿ ಹೋಗುವವರೆಗೆ ಅಕ್ಕಿ ರುಬ್ಬಿ ಚೆಲ್ಲುತ್ತಿದ್ದೇವೆ.

ಕಾಫಿ ಫಿಲ್ಟರ್ ಮಾತ್ರ ತೀರ್ಮಾನವಾಗಿಲ್ಲ. ಭಟ್ರಿಗೆ ಹಿತ್ತಾಳೆಯದೇ ಆಗಬೇಕು. ಭಾವನಿಗೆ ಸ್ಟೀಲ್ ಸಾಕು. ಹಿತ್ತಾಳೆ ಅಂದರೆ ಆಗಾಗ ಕಲಾಯಿ, ಅಂದರೆ ಒಳಗೆ ತವರದ ಲೇಪ, ಹಾಕಿಸಬೇಕು. ಕಲಾಯಿಯವರು ಹತ್ತಿರದಲ್ಲಿ ಸಿಗುತ್ತಾರಾ ಅಂತ ಪೇಟೆಯಲ್ಲಿ ವಿಚಾರಿಸುತ್ತಿದ್ದೇನೆ.